ತೆನೆಗೆ ಬಂದವರ ಎಣಿಕೆ

ಜುಲೈ 1, 1978, ಶನಿವಾರ
ಬೀರನಕಟ್ಟೆ

ನಿನ್ನೆ ಸಂಜೆ ಹಿಡಿದ ಮಳೆ ಬೆಳಗಿನ ಹೊತ್ತಿಗೆ ನಿಂತಿತು. ನೆಲ ಒಳ್ಳೆಯ ಹದಕ್ಕೆ ಬಂದಿದೆ. ನಾನು ಇನ್ನೂ ಹಲ್ಲುಜ್ಜುತ್ತಿದ್ದೆ, ಬಾಗಿಲಲ್ಲಿ ಹದಿನೈದು ಜನ. ಎಲ್ಲರದೂ ಒಂದೇ ಪ್ರಶ್ನೆ: ಬೀಜದ ಜೋಳ ಇವತ್ತು ಬಿತ್ತಬಹುದೇ?

ಹೈಬ್ರಿಡ್ ಜೋಳದ ಬೀಜ ಬೆಳೆಯುವುದು ನ್ಯಾಮತಿ ಕಡೆಯ ಈ ಊರಿಗೆ ಹೊಸದು. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು. ಹೆಣ್ಣು ಸಾಲಿನ ತೆನೆಗೆ ತನ್ನದೆಂಬ ಪರಾಗ ಇರುವುದಿಲ್ಲ. ಪಕ್ಕದ ಗಂಡು ಸಾಲಿನಿಂದ ಹಾರಿ ಬಂದು ಬಿದ್ದರೆ ಕಾಳು, ಇಲ್ಲದಿದ್ದರೆ ಜೊಳ್ಳು. ಬೀಜದ ಚೀಲದಲ್ಲಿದ್ದ ಚೀಟಿಯಲ್ಲಿ ಗಂಡು ಬೀಜವನ್ನು ಹತ್ತು ದಿನ ಮೊದಲು ಬಿತ್ತಬೇಕೆಂದು ಅಚ್ಚಾಗಿದೆ. ಆದರೆ ಹತ್ತು ದಿನದ ಹಿಂದೆ ಮಳೆ ಎಲ್ಲಿತ್ತು? ಈಗ ಗಂಡು ಬಿತ್ತಿ ಹತ್ತು ದಿನ ಕಾದರೆ ಹದ ಹೋಗುತ್ತದೆ ಎಂದು ಪಂಚಾಕ್ಷರಪ್ಪನವರು ಚಡಪಡಿಸುತ್ತಿದ್ದರು. ಅವರು ಸೊಸೈಟಿಯ ಡೈರೆಕ್ಟರು, ಬೀಜದ ಜೋಳಕ್ಕೆ ಊರನ್ನು ಒಪ್ಪಿಸಿದವರೂ ಅವರೇ. ಎಲ್ಲರೂ ನನ್ನ ಮುಖ ನೋಡಿದರು. ಎರಡನ್ನೂ ಒಟ್ಟಿಗೇ ಬಿತ್ತಿಬಿಡಿ, ಏನೂ ಆಗುವುದಿಲ್ಲ ಎಂದೆ. ಗ್ರಾಮಸೇವಕನಾದವನು ಸಮಯಕ್ಕೆ ಒಂದು ಮಾತು ಹೇಳಬೇಕು.

ಪ್ರೇಮಮ್ಮನವರು ಮಾತ್ರ ಬಾವಿ ಪಕ್ಕದ ಮೂಲೆಯಲ್ಲಿ, ನೀರು ಹಾಯಿಸಿಕೊಂಡು, ಗಂಡು ಬೀಜವನ್ನು ಚೀಟಿಯಲ್ಲಿದ್ದಂತೆ ಹತ್ತು ದಿನ ಮೊದಲೇ ಹಾಕಿದ್ದಾರೆ. ಗಂಡ ತೀರಿಕೊಂಡ ಮೇಲೆ ಎಂಟು ಎಕರೆ ತಾವೇ ನೋಡಿಕೊಳ್ಳುವ ಹೆಂಗಸು, ಅಚ್ಚಾದದ್ದನ್ನೆಲ್ಲ ಓದುತ್ತಾರೆ. ಉಳಿದ ಹೊಲವನ್ನು ನನ್ನ ಮಾತಿನಂತೆ ಒಟ್ಟಿಗೇ ಬಿತ್ತಿದರು.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕೂರಿಗೆ ನಡೆಯುತ್ತಿದ್ದವು. ನಮ್ಮ ಜಗಳೂರಿನಲ್ಲಿ ಇಂಥ ಹದ ಕಂಡು ಎಷ್ಟು ವರ್ಷವಾಯಿತು. ನೋಡುತ್ತಾ ನಿಂತೇ ಊಟ ಮರೆತೆ.

ಆಗಸ್ಟ್ 14, ಸೋಮವಾರ

ಬೆಳೆ ಎದೆಯೆತ್ತರ. ನಿರ್ಮಲಳಿಗೆ ಕಾಗದ ಬರೆದೆ. ಮಗಳ ಶಾಲೆಯಿಂದಾಗಿ ಅವರಿಬ್ಬರೂ ಜಗಳೂರಿನಲ್ಲೇ ಇದ್ದಾರೆ. ನನಗೀಗ ರೊಟ್ಟಿ ಹರಿಯದೆ ಬಡಿಯಲು ಬರುತ್ತದೆ ಎಂದು ಬರೆದಿದ್ದೇನೆ. ನಂಬುವುದಿಲ್ಲ.

ಪ್ರೇಮಮ್ಮನವರ ಬದುವಿನ ಮೇಲೆ ಬಾವಿಯ ಹತ್ತಿರ ಗಿಡ್ಡಮ್ಮ ಎಂಬವಳು ನಾಲ್ಕು ಜೇನುಪೆಟ್ಟಿಗೆ ಇಟ್ಟಿದ್ದಾಳೆ. ಉಬ್ರಾಣಿ ಗುಡ್ಡದ ಕಡೆಯವಳಂತೆ, ಐವತ್ತರ ಹತ್ತಿರ, ಮೊಣಕೈವರೆಗೆ ಹಚ್ಚೆ. ಸರ್ಕಾರದ ಯಾವುದೋ ಸ್ಕೀಮಿನಲ್ಲಿ ಪೆಟ್ಟಿಗೆ ಸಿಕ್ಕಿವೆ. ಬರಿಗೈಯಲ್ಲಿ ಮುಚ್ಚಳ ತೆಗೆದು ತೋರಿಸಿದಳು. ನಾನು ನಾಲ್ಕು ಮಾರು ದೂರ ನಿಂತೇ ನೋಡಿದೆ. ಎಲೆಯ ಮೇಲೆ ತುಪ್ಪ ತುಂಬಿದ ಜೇನುಹುಟ್ಟಿನ ಒಂದು ಚೂರು ಇಟ್ಟು ಕೊಟ್ಟಳು. ಹೊಟ್ಟೆ ಸರಿಯಿಲ್ಲ ಎಂದೆ. ಹಾಗೇನೂ ಇರಲಿಲ್ಲ.

ಸೆಪ್ಟೆಂಬರ್ 3, ಭಾನುವಾರ

ಹೆಣ್ಣು ಸಾಲೆಲ್ಲ ಹೂವಾಗಿದೆ. ಗಂಡು ಸಾಲು ಇನ್ನೂ ಹೊಡೆಯಲ್ಲೇ ಇದೆ. ಎಲೆಯ ಕವಚ ಬಿಡಿಸಿ ನೋಡಿದೆ, ತೆನೆ ಎಳೆಯದು. ಮೂರು ದಿನದಿಂದ ಮೋಡ, ಬೆಳಗ್ಗೆ ಮಂಜು, ಮಧ್ಯೆ ಮಧ್ಯೆ ಸೋನೆ. ಒಂದೆರಡು ದಿನದಲ್ಲಿ ಗಂಡೂ ಹೂವಾಗಬಹುದು.

ಪ್ರೇಮಮ್ಮನವರ ಮನೆಯಿಂದ ಗೌರಿ ಹಬ್ಬದ ತಯಾರಿಯೆಂದು ಒಂದು ಡಬ್ಬಿ ಕರ್ಜಿಕಾಯಿ ಬಂದಿದೆ. ಬರೆಯುತ್ತಾ ಬರೆಯುತ್ತಾ ಐದು ಮುಗಿಸಿದೆ.

ಸೆಪ್ಟೆಂಬರ್ 11, ಸೋಮವಾರ

ಪಂಚಾಕ್ಷರಪ್ಪನವರು ಬೆಳಗ್ಗೆ ಒಂದು ತೆನೆ ಮುರಿದುಕೊಂಡು ರೂಮಿಗೇ ಬಂದರು. ತೆನೆಯ ತುಂಬ ಬೆಲ್ಲದ ಪಾಕದಂಥ ಹನಿ, ಮುಟ್ಟಿದರೆ ಕೈಗೆ ಅಂಟುತ್ತದೆ. ನಾಲಿಗೆಗೆ ಹಚ್ಚಿ ನೋಡಿ ಸಿಹಿ ಐತೆ ಎಂದರು. ಪುಸ್ತಕದಲ್ಲಿ ಇದಕ್ಕೆ ಸಕ್ಕರೆ ರೋಗ ಎಂದಿದೆ. ಬೂಷ್ಟಿನ ಜಾತಿ. ಹೂವಿನೊಳಗೆ ಹೊಕ್ಕು, ಕಾಳು ಕಟ್ಟುವ ಜಾಗದಲ್ಲಿ ತಾನು ಬೆಳೆದು, ಈ ಪಾಕ ಸುರಿಸುತ್ತದೆ. ಪಾಕ ತಗಲಿದ ಕಡೆಯೆಲ್ಲ ರೋಗ.

ಹೊಲಕ್ಕೆ ಹೋದೆವು. ಹೆಣ್ಣು ಸಾಲಿನಲ್ಲಿ ಹತ್ತಕ್ಕೆ ಎರಡು ಮೂರು ತೆನೆ ಹಾಗೇ ಹೊಳೆಯುತ್ತಿದ್ದವು. ಅವುಗಳ ಮೇಲೆ ನೊಣ, ಕಣಜ, ಇರುವೆ, ನಡುವೆ ಜೇನುನೊಣವೂ. ಹಿಂದೆಯೇ ಬಂದ ಏಳೆಂಟು ಜನ ಕಂಡದ್ದು ಜೇನುನೊಣವನ್ನು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲೆಲ್ಲ ಒಂದೇ ಮಾತು: ಗಿಡ್ಡಮ್ಮನ ಹುಳ ಹೂವಿಂದ ಹೂವಿಗೆ ರೋಗ ಹೊತ್ತು ತಿರುಗುತ್ತಿವೆ. ಪೆಟ್ಟಿಗೆಗೆ ಬೆಂಕಿ ಇಡಬೇಕು ಎಂದವರೂ ಇದ್ದರು. ಪಂಚಾಕ್ಷರಪ್ಪನವರು ಹಾಗೆಲ್ಲ ಮಾಡಬಾರದು, ಸೇವಕರು ಬರೆದುಕೊಡಲಿ, ಕಾಯಿದೆ ಪ್ರಕಾರ ತೆಗೆಸೋಣ ಎಂದು ಸಮಾಧಾನ ಮಾಡಿದರು. ಪುಸ್ತಕದಲ್ಲೂ ಕೀಟಗಳಿಂದ ಹರಡುತ್ತದೆ ಎಂದೇ ಇದೆ.

ಇದನ್ನು ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ, ಆದ್ದರಿಂದ ಮುಚ್ಚಿಡುವುದು ಬೇಡ. ಜೇನುನೊಣದ ಮಾತು ಎದ್ದಾಗ ನನ್ನ ಎದೆ ಹಗುರವಾಯಿತು. ಏಕೆಂದು ಆಗ ಯೋಚಿಸಲಿಲ್ಲ.

ಹೊನ್ನಾಳಿಗೆ ಹೋಗಿ ಕೃಷಿ ಕಚೇರಿಯ ಸಾಹೇಬರಿಗೆ ತಿಳಿಸಿದೆ. ಸುಮ್ಮನೆ ಕೀಟ ಎಂದರೆ ಆಗದು, ಯಾವ ಕೀಟ, ಯಾವ ತೆನೆಗೆ, ಎಷ್ಟು ಹೊತ್ತಿಗೆ, ಎಷ್ಟು ಬರುತ್ತವೆ ಎಂದು ಎಣಿಸಿ ರಿಪೋರ್ಟು ಕೊಡಿ, ಶನಿವಾರ ನಾನೇ ಬರುತ್ತೇನೆ ಎಂದರು. ಬಸ್ಸಿನಲ್ಲಿ ಬರುವಾಗ ಕಾಗದಕ್ಕೆ ಗೆರೆ ಹಾಕಿ ಮನೆ ಮಾಡಿಕೊಂಡೆ. ನೊಣ, ಕಣಜ, ಇರುವೆ, ಜೇನು, ಇತರೆ.

ಸೆಪ್ಟೆಂಬರ್ 12, ಮಂಗಳವಾರ

ಆರೂವರೆಗೆ ಪ್ರೇಮಮ್ಮನವರ ಹೊಲ. ಗಿಡ್ಡಮ್ಮ ಮೊದಲೇ ಅಲ್ಲಿದ್ದಳು. ಊರಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಕಾಗದ ಏನೆಂದು ಕೇಳಿದಳು. ಹೇಳಿದೆ.

"ನಿಂತ್ಕಂಡು ಎಣಿಸಿದ್ರೆ ಅವು ಬರಾಕಿಲ್ಲ ಸ್ವಾಮೇರೆ, ಕುಂತ್ಕಳ್ರಿ" ಎಂದಳು.

ಕೂತೆ. ಸಾಲಿನ ನಡುವೆ ಕೂತರೆ ಹೊಲ ಬೇರೆಯೇ. ಗಂಡು ಸಾಲು ಮೊನ್ನೆಯಿಂದ ಹೂವಾಡುತ್ತಿದೆ. ಬಿಸಿಲು ಬೀಳುತ್ತಲೇ ತೆನೆಯಿಂದ ಹಳದಿ ಪುಡಿ ಉದುರತೊಡಗಿತು, ಜೇನುನೊಣ ಬಂದವು. ಅರ್ಧ ಗಂಟೆಯಲ್ಲಿ ಗಂಡು ಸಾಲಿನ ಹತ್ತು ತೆನೆಗೆ ಬಂದದ್ದು ಎಂಬತ್ತಮೂರು. ಪಕ್ಕದ ಹೆಣ್ಣು ಸಾಲಿನ ಹತ್ತು ತೆನೆಗೆ ಒಂದೂ ಇಲ್ಲ. ಅಲ್ಲಿ ಪುಡಿಯಿಲ್ಲವಲ್ಲ, ಏಕೆ ಹೋಗಬೇಕು? ಅಂಟು ತೆನೆಯ ಮೇಲೆ ನೊಣ ನಲವತ್ತು, ಕಣಜ ಒಂಬತ್ತು. ಇರುವೆ ಎಣಿಸಲಾಗಲಿಲ್ಲ.

ಇಷ್ಟು ವರ್ಷ ಕೆಲಸ ಮಾಡಿ ಒಂದು ತೆನೆಯ ಮುಂದೆ ಅರ್ಧ ಗಂಟೆ ಕೂತದ್ದು ಇದೇ ಮೊದಲು. ಕಾಲು ಜೋಮು ಹಿಡಿಯಿತು. ಆದರೂ ಎದ್ದು ಬರಲು ಮನಸ್ಸಿರಲಿಲ್ಲ.

ಸೆಪ್ಟೆಂಬರ್ 13, ಬುಧವಾರ

ಇವತ್ತೂ ಹಾಗೇ. ಒಂಬತ್ತೂವರೆಯಾದರೆ ಪುಡಿ ಮುಗಿಯುತ್ತದೆ, ಜೇನು ಹೋಗುತ್ತವೆ. ಲೆಕ್ಕ ಸ್ಪಷ್ಟವಾಗಿದೆ, ಜೇನುನೊಣ ಬರುವುದು ಗಂಡು ಸಾಲಿಗೆ ಎಂದು ಬರೆದುಬಿಡಬಹುದು.

ಗಿಡ್ಡಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತಾ ತನ್ನ ಅಪ್ಪನ ವಿಷಯ ಹೇಳಿದಳು. ಗುಡ್ಡದಲ್ಲಿ ಬಂಡೆಗೆ ಕಟ್ಟಿದ ಹೆಜ್ಜೇನು ಕೀಳುವಾಗ ಅರ್ಧ ಹುಟ್ಟು ಅಲ್ಲೇ ಬಿಟ್ಟು ಬರುತ್ತಿದ್ದನಂತೆ. ಕೊಟ್ಟ ಚಹಾ ಚೆನ್ನಾಗಿತ್ತು, ಬೆಲ್ಲದ್ದು.

ಸೆಪ್ಟೆಂಬರ್ 14, ಗುರುವಾರ

ಬೆಳಗಿನ ಎಣಿಕೆ ಮುಗಿಸಿ ಪ್ರೇಮಮ್ಮನವರ ಜಗಲಿಯ ಮೇಲೆ ಕಾಗದ ಜೋಡಿಸುತ್ತಿದ್ದೆ. ಹನ್ನೆರಡರ ಹೊತ್ತಿಗೆ ಗಿಡ್ಡಮ್ಮ ಓಡಿಬಂದಂತೆ ಬಂದಳು. ಹೊಲಕ್ಕೆ ಬರಬೇಕು, ನೋಡುವುದು ಇದೆ ಎಂದಳು. ಯಾರೋ ಪೆಟ್ಟಿಗೆಗೆ ಕೈ ಹಾಕಿದರು ಎಂದುಕೊಂಡು ಹೆದರಿ ಹೋದೆ.

ಹಾಗೇನೂ ಆಗಿರಲಿಲ್ಲ. ಮೋಡ ಕವಿದಿತ್ತು. ಅಂಟು ತೆನೆಯೊಂದರ ಮುಂದೆ ನನ್ನನ್ನು ನಿಲ್ಲಿಸಿ ಬೆರಳು ತೋರಿಸಿದಳು. ಪಾಕದ ಮೇಲೆ ಜೇನುನೊಣ ಕೂತು ನಾಲಿಗೆ ಚಾಚಿ ಹೀರುತ್ತಿತ್ತು. ಪಕ್ಕದ ತೆನೆಯಲ್ಲಿ ಎರಡು. ಅವಳದೇ ಪೆಟ್ಟಿಗೆಯವು.

"ಪುಡಿ ತೀರಿದ ಮೇಲೆ ಇದಕ್ಕೆ ಬರ್ತಾವೆ. ನೀವು ಬೆಳಗ್ಗೆ ಅಷ್ಟೆ ನೋಡ್ತೀರಲ್ಲ, ಅದಕ್ಕೇ ಕರೆದೆ. ಬರ್ಕಳ್ರಿ."

ಇದನ್ನು ಬರೆದರೆ ನಿನ್ನ ಪೆಟ್ಟಿಗೆ ಹೋಗುತ್ತವೆ, ಗೊತ್ತೇ ಎಂದೆ.

"ಹೋದ್ರೆ ಹೋಗ್ಲಿ ಸ್ವಾಮೇರೆ. ನೀವು ಕಾಗದ ತಗಂಡು ಕುಂತಿರಾದು ಇದ್ದದ್ದು ಬರಿಯಾಕಲ್ವಾ?"

ಅರ್ಧ ಗಂಟೆ ಎಣಿಸಿದೆ. ಜೇನು ಹನ್ನೊಂದು, ನೊಣ ಅರವತ್ತೆರಡು, ಕಣಜ ಹದಿನಾಲ್ಕು. ಬರೆದುಕೊಂಡೆ. ಆಕೆ ಇಡೀ ಹೊತ್ತು ಪಕ್ಕದಲ್ಲೇ ನಿಂತು, ನನಗೆ ತಪ್ಪಿದ್ದನ್ನು ಬೆರಳು ಮಾಡಿ ತೋರಿಸಿದಳು.

ರೂಮಿಗೆ ಬಂದು ಕಾಗದದಲ್ಲಿ ಮಧ್ಯಾಹ್ನದ ಎಣಿಕೆಗೆಂದು ಬೇರೆ ಮನೆ ಗೆರೆ ಹಾಕಿದೆ.

ಸೆಪ್ಟೆಂಬರ್ 15, ಶುಕ್ರವಾರ

ಇವತ್ತು ಕೀಟ ಬಿಟ್ಟು ತೆನೆ ಎಣಿಸಿದೆ. ಅಂಟು ಎಲ್ಲಿದೆ, ಎಲ್ಲಿಲ್ಲ ಎಂದು ಹೊಲದುದ್ದಕ್ಕೂ ನೂರು ನೂರು ತೆನೆ.

ಪಂಚಾಕ್ಷರಪ್ಪನವರ ಹೊಲ ಜೇನುಪೆಟ್ಟಿಗೆಯಿಂದ ಮುಕ್ಕಾಲು ಮೈಲಿ ದೂರ. ಅಲ್ಲಿ ನೂರಕ್ಕೆ ಇಪ್ಪತ್ತೆಂಟು. ಪ್ರೇಮಮ್ಮನವರ ಹೊಲದ ನಡುವೆ ಇಪ್ಪತ್ತಾರು. ಬಾವಿ ಪಕ್ಕದ ಮೂಲೆ, ಪೆಟ್ಟಿಗೆಯಿಂದ ಹತ್ತು ಹೆಜ್ಜೆ, ಅಲ್ಲಿ ನೂರಕ್ಕೆ ಎರಡು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಎರಡೇ.

ಆ ಮೂಲೆಯಲ್ಲಿ ಗಂಡು ಬೀಜ ಹತ್ತು ದಿನ ಮೊದಲು ಬಿದ್ದಿತ್ತು. ಹೆಣ್ಣು ಹೂವಾದ ದಿನವೇ ಅಲ್ಲಿ ಪರಾಗ ಸಿದ್ಧವಿತ್ತು. ಪರಾಗ ಬಿದ್ದ ಹೂವು ಕಾಳು ಕಟ್ಟಿ ಮುಚ್ಚಿಕೊಂಡಿತು. ಉಳಿದ ಕಡೆಯೆಲ್ಲ ಹೆಣ್ಣು ಹೂವು ಮೋಡ ಮಂಜಿನಲ್ಲಿ ಎಂಟು ಹತ್ತು ದಿನ ಬಾಯಿ ತೆರೆದುಕೊಂಡು ಕಾಯಿತು. ಪರಾಗ ಬರಲಿಲ್ಲ, ರೋಗ ಬಂತು.

ಒಟ್ಟಿಗೇ ಬಿತ್ತಿ ಎಂದವನು ನಾನು.

ಸೆಪ್ಟೆಂಬರ್ 16, ಶನಿವಾರ

ಸೊಸೈಟಿಯ ಮುಂದೆ ಊರೆಲ್ಲ ಸೇರಿತ್ತು. ಸಾಹೇಬರಿಗೆ ಕುರ್ಚಿ, ಪಂಚಾಕ್ಷರಪ್ಪನವರಿಗೆ ಬೆಂಚು. ಗಿಡ್ಡಮ್ಮ ಬೇವಿನ ಮರದಾಚೆ ಒಬ್ಬಳೇ ಕೂತಿದ್ದಳು. ಪ್ರೇಮಮ್ಮನವರು ಹೋಗಿ ಆಕೆಯ ಪಕ್ಕದಲ್ಲಿ ನಿಂತರು.

ಲೆಕ್ಕವನ್ನೆಲ್ಲ ಓದಿದೆ. ಜೇನುನೊಣ ಬೆಳಗ್ಗೆ ಗಂಡು ಸಾಲಿನಲ್ಲಿರುತ್ತವೆ, ಮಧ್ಯಾಹ್ನ ಕೆಲವು ಅಂಟಿನ ಮೇಲೂ ಕೂರುತ್ತವೆ ಎಂದೆ. ಹನ್ನೊಂದು ಎಂದಾಗ ಗುಜುಗುಜು ಎದ್ದಿತು. ಪೆಟ್ಟಿಗೆ ತೆಗೆಸಿ ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಬಾವಿ ಮೂಲೆಯ ಲೆಕ್ಕ ಓದಿದೆ. ಆಮೇಲೆ ಕಾಗದ ಮಡಚಿ, ಜುಲೈ ಒಂದರಂದು ಚೀಟಿ ಓದಿಯೂ ಒಟ್ಟಿಗೇ ಬಿತ್ತಿರಿ ಎಂದು ಹೇಳಿದ್ದು ನಾನು, ರೋಗಕ್ಕೆ ಬಾಗಿಲು ತೆರೆದಿಟ್ಟದ್ದು ನನ್ನ ಮಾತು, ಹುಳ ಆಮೇಲೆ ಬಂದವು ಎಂದೆ. ಕೊನೆಯ ಮಾತು ಹಿಂದಿನವರಿಗೆ ಕೇಳಿಸಲಿಲ್ಲ. ಏನಂದ್ರು ಎಂದು ಕೇಳಿದರು, ಎರಡನೇ ಸಲ ಹೇಳಬೇಕಾಯಿತು.

ಸಾಹೇಬರ ಮುಖ ಕೆಂಪಾಯಿತು. ಪಂಚಾಕ್ಷರಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಅವತ್ತು ಅವಸರ ಮಾಡಿದ್ರಾಗೆ ನಮ್ ತಪ್ಪೂ ಐತೆ. ಬಾಗಿಲಿಗೆ ಬಂದು ನಿಂತಿದ್ವಿ" ಎಂದರು. "ಈಗ ಉಳಿದಿದ್ದು ಉಳಿಸ್ಕಳಾದು ಹೆಂಗೆ, ಅದನ್ನ ಹೇಳ್ರಿ."

ಅದೂ ಪುಸ್ತಕದಲ್ಲಿದೆ. ಅಂಟು ತೆನೆಯನ್ನೆಲ್ಲ ಕೊಯ್ದು ಗುಂಡಿಯಲ್ಲಿ ಹೂಳಬೇಕು. ಇನ್ನೂ ಬಾಯಿ ತೆರೆದಿರುವ ಹೂವಿಗೆ, ತಡವಾಗಿ ಬಂದ ತೆನೆಗೆ, ಗಂಡು ಸಾಲಿನ ಪರಾಗವನ್ನು ಕೈಯಿಂದಲೇ ಉದುರಿಸಬೇಕು. ದಿನಾ ಬೆಳಗ್ಗೆ, ಅದೂ ಪುಡಿ ಬಿಡುವ ಒಂದೆರಡು ಗಂಟೆಯೊಳಗೆ. ಎಷ್ಟು ಹೊತ್ತಿಗೆ ಶುರು ಮಾಡಬೇಕು ಎಂದು ಸಾಹೇಬರು ಕೇಳಿದರು. ಮೋಡದ ದಿನ ತಡ, ಬಿಸಿಲಿದ್ದರೆ ಬೇಗ, ಗಡಿಯಾರದಿಂದ ಹೇಳಲಾಗದು ಎಂದೆ.

ಮರದಾಚೆಯಿಂದ ಗಿಡ್ಡಮ್ಮ ಎದ್ದು ನಿಂತರು.

"ನನ್ನ ಹುಳ ಕಾಲಿಗೆ ಹಳದಿ ಮೆತ್ಕಂಡು ಪೆಟ್ಗೆಗೆ ಬರಾಕೆ ಹತ್ತಿದ್ರೆ ಅದೇ ಹೊತ್ತು. ನಾನು ಕೂಗ್ತೀನಿ. ಮಧ್ಯಾಹ್ನಕ್ಕೆ ಬಾಗಿಲು ಹಾಕ್ತೀನಿ, ಅಂಟಿನ ಮ್ಯಾಗೆ ಕುಂದರಾಕೆ ಬಿಡಾಕಿಲ್ಲ. ಅಂಟು ತೆನೆ ಎಲ್ಲಾ ಕೊಯ್ದ ಮ್ಯಾಲೆ ಬಾಗಿಲು ತೆಗೀತೀನಿ."

ಹಾಗೇ ಆಗಲಿ ಎಂದರು ಪಂಚಾಕ್ಷರಪ್ಪನವರು.

ಸೆಪ್ಟೆಂಬರ್ 18, ಸೋಮವಾರ

ನಲವತ್ತು ಹೆಂಗಸರು, ಹದಿನೆಂಟು ಗಂಡಸರು, ಎರಡು ಗುಂಡಿ. ಕೈ, ಕುಡುಗೋಲು, ಸೀರೆಯ ಸೆರಗು ಎಲ್ಲ ಅಂಟು. ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಸೋಪು ಹಾಕಿ ತೊಳೆದುಕೊಳ್ಳಲೇಬೇಕು ಎಂದು ಬಾವಿಯ ಬಳಿ ನಾನೇ ನಿಂತಿದ್ದೆ. ನಾವೂ ಕಣಜದಂತೆಯೇ, ಒಂದು ತೆನೆಯದನ್ನು ಇನ್ನೊಂದಕ್ಕೆ ಹೊತ್ತೊಯ್ಯುವವರೇ.

ಸೆಪ್ಟೆಂಬರ್ 20, ಬುಧವಾರ

ಬೆಳಗ್ಗೆ ಏಳೂ ಕಾಲಿಗೆ ಗಿಡ್ಡಮ್ಮನವರ ಕೂಗು. ಅಷ್ಟು ಸಣ್ಣ ಆಳಿನಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೋ, ಪಂಚಾಕ್ಷರಪ್ಪನವರ ಹೊಲದವರೆಗೂ ಕೇಳಿಸಿತು. ಗಂಡು ತೆನೆಯನ್ನು ಬಗ್ಗಿಸಿ ಕಾಗದದ ಚೀಲದೊಳಗೆ ಕೊಡವಿ, ಹೆಣ್ಣು ತೆನೆಯ ಮೇಲೆ ಉದುರಿಸುತ್ತಾ ಸಾಲಿನ ಕೊನೆಯವರೆಗೆ ಹೋಗುವುದು. ಪಂಚಾಕ್ಷರಪ್ಪನವರ ಮೀಸೆಯೆಲ್ಲ ಹಳದಿ. ಅವರ ಹೆಂಡತಿ ಚೀಲ ಹಿಡಿದುಕೊಂಡೇ ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟರು.

ಒಂಬತ್ತೂವರೆಗೆ ಕೆಲಸ ಮುಗಿಯಿತು. ಬಾವಿಯ ಕಟ್ಟೆಯ ಮೇಲೆ ಕೂತು ಗಿಡ್ಡಮ್ಮನವರ ಗಂಟಿನಲ್ಲಿದ್ದ ರೊಟ್ಟಿ, ಹುಚ್ಚೆಳ್ಳು ಪುಡಿ ತಿಂದೆ. ಅವರ ರೊಟ್ಟಿಯ ಮುಂದೆ ನನ್ನದು ಏನೇನೂ ಅಲ್ಲ.

ಸೆಪ್ಟೆಂಬರ್ 27, ಬುಧವಾರ

ಒಂಬತ್ತು ದಿನದ ಕೆಲಸ ಇವತ್ತಿಗೆ ಮುಗಿಯಿತು, ಪುಡಿಯೂ ತೀರಿತು. ಉದುರಿಸಿದ ತೆನೆಯಲ್ಲಿ ಸಾಸಿವೆಯಷ್ಟು ಹಸಿರು ಕಾಳು. ಭೂತಗನ್ನಡಿ ಹಿಡಿದು ಊರವರಿಗೆ ತೋರಿಸಿದೆ. ನಿರ್ಮಲಳಿಗೆ ಬರೆದ ಕಾಗದ ಆರು ಪುಟವಾಯಿತು, ಬರೀ ಕಣಜ, ನೊಣದ ಸುದ್ದಿ.

ಅಕ್ಟೋಬರ್ 9, ಸೋಮವಾರ

ಕಚೇರಿಯಿಂದ ಕಾರಣ ಕೇಳಿ ನೋಟೀಸು ಬಂದಿದೆ. ಸೂಚನೆ ಮೀರಿ ಬಿತ್ತಿಸಿದ್ದಕ್ಕೆ ಏಕೆ ಶಿಸ್ತಿನ ಕ್ರಮ ಜರುಗಿಸಬಾರದು ಎಂದು. ಉತ್ತರ ಬರೆದೆ: ಹೌದು, ಮೀರಿದೆ. ಎರಡೇ ಮಾತು. ಅಂಚೆಗೆ ಹಾಕಿ ಬರುವಾಗ ಕೆರೆ ಏರಿಯ ಮೇಲೆ ಕೋಲುಜೇನು ಕಟ್ಟಿದ್ದು ಕಂಡಿತು. ಬಾಗಿ ಹತ್ತಿರದಿಂದ ನೋಡಿದೆ. ಬೆರಳುದ್ದದ ಹುಟ್ಟು, ಏನು ಅಚ್ಚುಕಟ್ಟು.

ನವೆಂಬರ್ 4, ಶನಿವಾರ

ರಾಶಿ ಆಯಿತು. ಕೊಯ್ದು ಹೂಳಿದ್ದು, ಜೊಳ್ಳಾದದ್ದು ಎಲ್ಲ ಹೋಗಿ ಬೀಜ ಬರಬೇಕಾದುದರಲ್ಲಿ ಅರ್ಧ ಬಂದಿದೆ. ಉಪ್ಪುನೀರಿನಲ್ಲಿ ಹಾಕಿ ತೇಲಿದ, ರೋಗದ ತೆನೆಯಲ್ಲಿ ಕಾಳಿನ ಜಾಗದಲ್ಲಿ ಕಟ್ಟಿದ್ದ ಕರಿಗಡ್ಡೆಯನ್ನೆಲ್ಲ ತೆಗೆದು ತೊಳೆದು ಒಣಗಿಸಿದೆವು. ರೋಗ ಆ ಗಡ್ಡೆಯಲ್ಲೇ ಅಡಗಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಪರೀಕ್ಷೆಗೆ ಕಳಿಸಿದ ಮಾದರಿಯೆಲ್ಲ ಪಾಸಾಗಿದೆ. ಬಾವಿ ಮೂಲೆಯ ಬೀಜ ಮುತ್ತಿನ ಹಾಗಿದೆ. ಪ್ರೇಮಮ್ಮನವರು ಅದನ್ನು ಬೇರೆ ಚೀಲದಲ್ಲಿ ಕಟ್ಟಿಸಿದರು. ನನಗೆ ಬೊಗಸೆಯಲ್ಲಿ ಎತ್ತಿ ತೋರಿಸಿದರು.

ನನ್ನ ಒಂದು ವರ್ಷದ ಬಡ್ತಿ ತಡೆಹಿಡಿದಿದ್ದಾರೆ. ಬರೆಯಬೇಕೆಂದು ಬರೆದೆ.

ನವೆಂಬರ್ 20, ಸೋಮವಾರ

ನಮ್ಮ ಎಣಿಕೆಯನ್ನು ಸಾಹೇಬರು ಧಾರವಾಡದ ಕೃಷಿ ಕಾಲೇಜಿಗೆ ಕಳಿಸಿದ್ದರಂತೆ. ಅಲ್ಲಿಂದ ಕಾಗದ ಬಂದಿದೆ. ಬೆಳಗಿನದಕ್ಕೂ ಮಧ್ಯಾಹ್ನದ್ದಕ್ಕೂ ಬೇರೆ ಬೇರೆ ಎಣಿಕೆ ಇರುವುದು ಉಪಯೋಗದ್ದು, ಶುದ್ಧಪ್ರತಿ ಮಾಡಿ, ಎಣಿಸಿದವರ ಹೆಸರು ನಮೂದಿಸಿ ಕಳಿಸಿ ಎಂದು.

ಶುದ್ಧಪ್ರತಿ ತೆಗೆದುಕೊಂಡು ಬಾವಿಯ ಹತ್ತಿರ ಹೋದೆ. ಗಿಡ್ಡಮ್ಮನವರು ಪೆಟ್ಟಿಗೆಗಳ ಕಾಲಿನ ಕೆಳಗಿನ ಬಟ್ಟಲಿಗೆ ನೀರು ತುಂಬುತ್ತಿದ್ದರು. ಇರುವೆ ಹತ್ತದಿರಲೆಂದು. ನಾಳೆ ಪಂಚಾಕ್ಷರಪ್ಪನವರ ಎತ್ತಿನ ಗಾಡಿಯಲ್ಲಿ ಪೆಟ್ಟಿಗೆಗಳನ್ನು ತ್ಯಾವಣಿಗೆ ಕಡೆ ಹುಚ್ಚೆಳ್ಳು ಹೂವಿಗೆ ಒಯ್ಯುತ್ತಾರೆ. ಗಾಡಿ ಕೊಡುತ್ತೇನೆಂದು ಅವರೇ ಹೇಳಿಕಳಿಸಿದ್ದಾರಂತೆ. ನಾನು ಕಾಗದವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟುಕೊಂಡು, ಎಣಿಸಿದವರು ಎಂಬಲ್ಲಿ ಗಿಡ್ಡಮ್ಮ ಎಂದು ಬರೆಯಲು ಹೋದೆ. ಗಂಡನ ಹೆಸರೂ ಬೇಕೇನೋ ಎಂದು ಕೇಳಿದೆ.

"ನನ್ನ ಹೆಸ್ರು ಅದಲ್ಲ" ಎಂದರು. "ಕುಳ್ಳಿ ಅಂತ ಊರೋರು ಹಂಗೆ ಕರೀತಾರೆ. ಅಪ್ಪ ಇಟ್ಟಿದ್ದು ಅಂಜಿನಮ್ಮ."

ಇಷ್ಟು ದಿನ ನನಗೆ ಹೇಳಬಾರದಿತ್ತೇ ಎಂದೆ.

"ನೀವು ಕೇಳ್ಲಿಲ್ಲ."

ಸೀಸದಕಡ್ಡಿಯಲ್ಲಿ ಬರೆದಿದ್ದ 'ಗಿ' ಅಕ್ಷರವನ್ನು ರಬ್ಬರಿನಿಂದ ಒರೆಸಿದೆ. ಶ್ರೀಮತಿ ಅಂಜಿನಮ್ಮ, ಜೇನು ಸಾಕುವವರು, ಬೀರನಕಟ್ಟೆ ಎಂದು ಶಾಯಿಯಲ್ಲಿ ಬರೆದೆ. ಕೆಳಗೆ ತಿಪ್ಪೇರುದ್ರಸ್ವಾಮಿ, ಗ್ರಾಮಸೇವಕ. ಅವರು ಕೈ ಒರೆಸಿಕೊಂಡು ಬಂದು ಎರಡೂ ಸಾಲನ್ನು ಬಹಳ ಹೊತ್ತು ನೋಡಿದರು. ಓದು ಬರುವುದಿಲ್ಲ.

"ಇದ್ರಾಗೆ ನಂದು ಯಾವುದು?"

"ಮೇಲಿನದು" ಎಂದೆ.

ಶಾಯಿ ಹಸಿಯಾಗಿತ್ತು. ಅವರು ಅದರ ಮೇಲೆ ಬೆರಳಿಡಲಿಲ್ಲ, ಬಾಗಿ ಊದಿದರು.